ಕಡೆಮೇಜಿನ ಹೆಬ್ಬೆರಳು

ಚಳಿ ಮುಗಿಯುತ್ತ ಬಂದಿತ್ತು. ಬೆಳಗಿನ ಹೊತ್ತು ಶೆಡ್ಡಿನ ತಗಡಿನ ಮೇಲೆ ಕೂತ ಇಬ್ಬನಿ ಹತ್ತು ಗಂಟೆಗೆಲ್ಲ ತೊಟ್ಟಿಕ್ಕಿ ಒಣಗಿಹೋಗುತ್ತಿತ್ತು. ನೆಲ ಬೆಚ್ಚಗಾಗಿ ಬಿತ್ತನೆಗೆ ಹದ ಬರಲು ಇನ್ನು ಆರು ವಾರ. ಅಷ್ಟರೊಳಗೆ ಬೆಳೆಗಾರರ ಸಂಘದ ಉಗ್ರಾಣದಲ್ಲಿ ಮಲಗಿದ್ದ ಬಿತ್ತನೆ ಆಲೂಗಡ್ಡೆಯೆಲ್ಲ ಹೊರಗೆ ಬಂದು, ಹೆಂಗಸರ ಕೈಯಲ್ಲಿ ಆಯಿಸಿಕೊಂಡು, ಕ್ರೇಟುಗಳಲ್ಲಿ ಕೂತು ಹೊಲಗಳಿಗೆ ಹೊರಡಬೇಕು.

ಆಯುವುದಕ್ಕೆ ಸಾಲಾಗಿ ನಾಲ್ಕು ಮೇಜು. ಮೊದಲನೆಯದರಲ್ಲಿ ಮಣ್ಣು, ಕಲ್ಲು, ಗುದ್ದಲಿ ತಾಗಿ ಸೀಳಿದ ಗಡ್ಡೆ ಬೇರೆಯಾಗುತ್ತಿದ್ದವು. ಎರಡನೆಯದರಲ್ಲಿ ನಾಲ್ಕು ಜನ ಗಾತ್ರ ನೋಡಿ ಕ್ರೇಟು ತುಂಬುತ್ತಿದ್ದರು. ಮೂರನೆಯ ಮೇಜಿನವಳು ಮೇಲಿನ ಸಾಲು ಸರಿಸಿ, ಮೊಳಕೆ ಬಂದ ಕಣ್ಣು ನೋಡಿ, ನೋಡಿದ್ದಾಯಿತು ಅನ್ನುವ ಗುರುತಿಗೆ ಹಸಿರು ಚೀಟಿ ಅಂಟಿಸುತ್ತಿದ್ದಳು. ಕಡೆಮೇಜಿನಲ್ಲಿ ಒಬ್ಬಳೇ. ಅವಳು ಕ್ರೇಟಿನ ಗಡ್ಡೆಗಳನ್ನು ಒಂದೊಂದಾಗಿ ತೆಗೆದು ಹೆಬ್ಬೆರಳಿನಿಂದ ಒತ್ತುವಳು, ಅನುಮಾನ ಬಂದರೆ ಮೂಗಿಗೆ ಹಿಡಿಯುವಳು, ಒಳಗೆ ನೀರಾದದ್ದನ್ನು ಬಕೆಟ್ಟಿಗೆ ಎಸೆದು ಉಳಿದದ್ದನ್ನು ಕಣ್ಣು ಮೇಲೆ ಬರುವಂತೆ ಮತ್ತೆ ಜೋಡಿಸುವಳು. ಹೊರಗೆ ನುಣ್ಣಗೆ ಕಾಣುವ ಗಡ್ಡೆ ಒಳಗೆ ಕೊಳೆತಿದ್ದರೆ ಕಣ್ಣಿಗೆ ತಿಳಿಯದು. ಮುಚ್ಚಿದ ಕ್ರೇಟಿನಲ್ಲಿ ಅಂಥದ್ದು ಒಂದು ಕೂತರೂ ವಾರದಲ್ಲಿ ಇಡೀ ಕ್ರೇಟು ಬೆವರಿ ಅಂಬಲಿಯಾಗುತ್ತದೆ.

ಆ ಮೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವಳನ್ನು ಶೆಡ್ಡಿನವರೆಲ್ಲ ಅತ್ತೆ ಎನ್ನುತ್ತಿದ್ದರು. ಅವಳ ತಮ್ಮನ ಮಗಳು ಚಿಕ್ಕವಳಿದ್ದಾಗ ರಜೆಯಲ್ಲೆಲ್ಲ ಅಲ್ಲೇ ಗೋಣಿಚೀಲದ ಮೇಲೆ ಆಡುತ್ತ "ಅತ್ತೆ, ಅತ್ತೆ" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಹೆಸರು ಹಾಗೆ ಅಂಟಿಕೊಂಡಿತು. ಆ ಪುಟ್ಟಿಯೇ ಈಗ ಎರಡು ವರ್ಷ ಹೊರಗೆ ಓದಿ ಬಂದು ಶೆಡ್ಡಿನ ಉಸ್ತುವಾರಿ ವಹಿಸಿಕೊಂಡಿದ್ದಳು. ಉಳಿದವರಿಗೆ ಅವಳು ಮೇಡಮ್ಮು, ಅತ್ತೆಗೆ ಈಗಲೂ ಪುಟ್ಟಿ.

ಪುಟ್ಟಿ ಬಂದ ಮೊದಲ ವಾರವೇ ಗೋಡೆಗೆ ಒಂದು ಪಟ ಅಂಟಿಸಿದಳು. ಅದರಲ್ಲಿ ಐದು ಮೆಟ್ಟಿಲು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಕೇಳಿದಳು.

"ಮನುಷ್ಯರು ಯಾಕೆ ದುಡೀತಾರೆ, ಹೇಳಿ ನೋಡೋಣ?"

"ನಾವು ದುಡೀದಿದ್ರೆ ಗಂಡ ದುಡೀತಾನಾ?" ಎಂದಳು ಮೂರನೆಯ ಮೇಜಿನವಳು. ಅವಳಿಗೆ ಪಟಾಕಿ ಎಂದು ಹೆಸರು. ಕಿಡಿ ತಾಗುವ ಮೊದಲೇ ಸಿಡಿಯುವವಳು.

ನಗು ನಿಲ್ಲುವ ತನಕ ಪುಟ್ಟಿ ಕಾದಳು. ಆಮೇಲೆ ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ತೋರಿಸಿದಳು. ಮೊದಲು ಹೊಟ್ಟೆ, ನಿದ್ದೆ, ಬೆಚ್ಚಗಿನ ಮೈ. ಅದರ ಮೇಲೆ ನಾಳೆ ಹೇಗೋ ಅನ್ನುವ ಭಯ ಇಲ್ಲದಿರುವುದು. ಅದರ ಮೇಲೆ ನಮ್ಮವರು ಅನ್ನುವವರು ಇರುವುದು. ನಾಲ್ಕನೆಯದು ಮರ್ಯಾದೆ. ತುದಿಯಲ್ಲಿ, ತನ್ನಲ್ಲಿ ಏನಿದೆಯೋ ಅದು ಪೂರ್ತಿ ಅರಳುವುದು. ಕೆಳಗಿನದು ಗಟ್ಟಿಯಾದ ಮೇಲೆಯೇ ಮನಸ್ಸು ಮೇಲಿನದನ್ನು ಕೇಳುತ್ತದೆ ಎಂದು ತಿಳಿದವರು ಹೇಳಿದ್ದಾರೆ ಎಂದಳು.

"ನಮ್ಮನೆ ಯಜಮಾನ್ರು ಮೊದಲ್ನೇ ಮೆಟ್ಲಲ್ಲೇ ಹಾಸಿಗೆ ಹಾಸ್ಕೊಂಡಿದಾರೆ ಮೇಡಮ್ಮು. ಎಬ್ಬಿಸೋದು ಹೇಗೆ ಅಂತ ಆ ಪಟದಲ್ಲಿ ಇದೆಯಾ?"

"ಸುಮ್ನಿರೇ ಪಟಾಕಿ," ಎಂದಳು ಅತ್ತೆ. "ಐದನೇದಕ್ಕೆ ಹತ್ತೋಷ್ಟರಲ್ಲಿ ನನಗಂತೂ ಮಂಡಿ ಹಿಡ್ಕೊಂಡಿರತ್ತೆ."

ಆದರೆ ಪುಟ್ಟಿ ಬರಿಯ ಮಾತಿನವಳಲ್ಲ. ಕಾಲು ಕೊರೆಯುವ ತಣ್ಣನೆಯ ನೆಲಕ್ಕೆ ಹಲಗೆ ಹಾಕಿಸಿದಳು. ಬೆನ್ನಿಗೆ ಆಸರೆಯಿರುವ ಕುರ್ಚಿ ತರಿಸಿದಳು. ಹೆಂಗಸರ ಕಕ್ಕಸಿನ ಬಾಗಿಲಿಗೆ ಹೊಸ ಚಿಲಕ ಬಂತು, ಕೈ ತೊಳೆಯಲು ಬಿಸಿನೀರು ಬಂತು. ಅತ್ತೆ ಮನೆಗೆ ಹೋಗಿ, "ನಮ್ಮ ಪುಟ್ಟಿ ಕೈಗೆ ಶೆಡ್ಡು ಸಿಕ್ಕಿದ್ದು ಒಳ್ಳೇದಾಯ್ತು ನೋಡಿ" ಎಂದು ಗಂಡನ ಮುಂದೆ ಹೆಮ್ಮೆಪಟ್ಟಳು. ಹೀಗೆ ಮೂರು ಮೆಟ್ಟಿಲು ಆದ ಮೇಲೆ ಪುಟ್ಟಿ ನಾಲ್ಕನೆಯದಕ್ಕೆ ಕೈಹಾಕಿದಳು. ಬಾಗಿಲ ಪಕ್ಕ ಕರಿಹಲಗೆ ತೂಗುಹಾಕಿ ಎಲ್ಲರ ಹೆಸರು ಬರೆದಳು. ತುಂಬಿದ ಒಂದೊಂದು ಕ್ರೇಟಿಗೆ ಒಂದೊಂದು ಗೆರೆ. ಶನಿವಾರ ಹೆಚ್ಚು ಗೆರೆಯಿದ್ದವರ ಹೆಸರು ಓದಿ ಎಲ್ಲರೂ ಚಪ್ಪಾಳೆ ತಟ್ಟಬೇಕು. ಮೊದಲ ಮೇಜಿನವರಿಗೆ ಬುಟ್ಟಿ ಲೆಕ್ಕ, ಪಟಾಕಿಗೆ ಚೀಟಿ ಲೆಕ್ಕ. ಅತ್ತೆಯ ಹೆಸರಿನ ಮುಂದೆ ಏನೂ ಇಲ್ಲ.

"ನಿನ್ನ ಹೆಸರು ಬಿಡೋಕೆ ಮನಸ್ಸು ಬರ್ಲಿಲ್ಲ, ಬರೆದೆ ಅತ್ತೆ," ಎಂದಳು ಪುಟ್ಟಿ. "ಆದರೆ ನಿನ್ನ ಕೆಲಸಾನ ಹೇಗೆ ಎಣಿಸೋದು? ನೀನು ಏನೂ ತುಂಬಲ್ಲವಲ್ಲ."

"ಎಣಿಸಿ ಏನಾಗಬೇಕು ಬಿಡು" ಎಂದು ಅತ್ತೆ ನಕ್ಕಳು. ಆ ದಿನ ನಿಜವಾಗಿಯೂ ನಕ್ಕಿದ್ದಳು.

ಆದರೆ ಹಲಗೆ ಇದ್ದದ್ದು ಬಾಗಿಲ ಪಕ್ಕದಲ್ಲಿ. ಬರುವಾಗಲೂ ಹೋಗುವಾಗಲೂ ಕಣ್ಣು ಅದರ ಮೇಲೆ ಬೀಳದೆ ಇರದು. ಎಲ್ಲರ ಹೆಸರಿನ ಮುಂದೆಯೂ ಗೆರೆಗಳು ಬೇಲಿ ಕಟ್ಟಿದ ಹಾಗೆ ಬೆಳೆಯುತ್ತಿದ್ದವು. ತನ್ನದು ಮಾತ್ರ ಬಯಲು. ಎರಡನೆಯ ಶನಿವಾರ ಕ್ರೇಟು ಸಾಗಿಸಲು ಬಂದ ಲಾರಿಯವನು ಹಲಗೆಯನ್ನು ಮೇಲಿನಿಂದ ಕೆಳಗೆ ಓದಿ, ಕಡೆಮೇಜಿನ ಕಡೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ಪಾಪ, ವಯಸ್ಸಾದವರು. ಎಲ್ಲಿಗೆ ಹೋಗ್ತಾರೆ ಅಂತ ಸುಮ್ನೆ ಕೂರಿಸಿಕೊಂಡಿದೀರ. ಪುಣ್ಯದ ಕೆಲಸ."

ಯಾರೂ ತಿದ್ದಲಿಲ್ಲ. ಪಟಾಕಿ ಆಗ ಹೊರಗೆ ಕೈ ತೊಳೆಯುತ್ತಿದ್ದಳು. ಇದ್ದಿದ್ದರೆ ಸಿಡಿಯುತ್ತಿದ್ದಳೋ ಏನೋ. ಪುಟ್ಟಿ ರಸೀದಿ ಬರೆಯುವುದರಲ್ಲಿ ಮುಳುಗಿದ್ದಳು. ಅತ್ತೆ ಕೈಯಲ್ಲಿದ್ದ ಗಡ್ಡೆಯನ್ನು ಎರಡು ಸಲ ಒತ್ತಿದಳು. ಒತ್ತಿದ್ದು ಏನು ಹೇಳಿತೆಂದು ತಿಳಿಯದೆ ಮೂರನೆಯ ಸಲ ಒತ್ತಿದಳು.

ಅವಳ ಗಂಡ ಗುದ್ದಲಿ, ಕೊಡಲಿಗಳಿಗೆ ಮರದ ಕಾವು ಕೆತ್ತುವವನು. ಸಂಜೆ ಅಂಗಳದಲ್ಲಿ ಕೂತು ಒಂದು ಕಾವನ್ನು ಗಾಜಿನ ಚೂರಿನಿಂದ ಹೆರೆಯುತ್ತಿದ್ದ.

"ಹಲಗೇಲಿ ನನ್ನ ಹೆಸರಿನ ಮುಂದೆ ಏನೂ ಇಲ್ಲ ರೀ."

"ಏನಿರಬೇಕಾಗಿತ್ತು?"

"ಗೆರೆ."

"ನಾನು ಕೆತ್ತಿದ ಕಾವಿಗೆ ಯಾರು ಗೆರೆ ಹಾಕಿದಾರೆ?"

"ಕಾವು ಮುರಿದ್ರೆ ನಿಮ್ಮನ್ನ ಬೈಯೋಕಾದ್ರೂ ಬರ್ತಾರೆ. ನನ್ನನ್ನ ಬೈಯೋರೂ ಇಲ್ಲ."

ಅವನು ಹೆರೆಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. "ಬೈಗುಳ ಬೇಕಿದ್ರೆ ಅಷ್ಟು ದೂರ ಯಾಕೆ ಹೋಗ್ತೀಯ, ನಾನಿಲ್ವಾ?" ಎಂದ. ಬೇರೆ ದಿನವಾಗಿದ್ದರೆ ಅವಳೂ ಒಂದು ತಿರುಗಿಸಿ ಹೊಡೆಯುತ್ತಿದ್ದಳು. ಅವತ್ತು ಎದ್ದು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಪುಟ್ಟಿಯ ಎದುರು ನಿಂತು, ನನ್ನನ್ನು ಎರಡನೆಯ ಮೇಜಿಗೆ ಹಾಕು ಎಂದಳು. ಪುಟ್ಟಿಗೆ ಸಂತೋಷವೇ ಆಯಿತು. ಪಟದಲ್ಲಿದ್ದದ್ದು ಕಣ್ಣೆದುರಿಗೇ ನಡೆಯುತ್ತಿದೆ, ಅತ್ತೆಯ ಮನಸ್ಸು ಮೆಟ್ಟಿಲು ಹತ್ತುತ್ತಿದೆ ಎಂದುಕೊಂಡಳು.

"ಕಡೆಮೇಜಿಗೆ ಯಾರು?" ಎಂದು ಅತ್ತೆಯೇ ಕೇಳಿದಳು.

"ಮೂರನೇ ಮೇಜಲ್ಲಿ ಹೇಗೂ ನೋಡ್ತಾರಲ್ಲ ಅತ್ತೆ. ಎರಡೆರಡು ಸಲ ಯಾಕೆ? ಸದ್ಯಕ್ಕೆ ಅದು ಖಾಲಿ ಇರ್ಲಿ."

ಇಲ್ಲ, ಅದು ಹಾಗಲ್ಲ ಎಂದು ಹೇಳಬಲ್ಲವಳು ಆ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮತ್ತೆ ಅಲ್ಲಿಗೇ ಹೋಗಿ ಕೂರಬೇಕಾಗುತ್ತಿತ್ತು.

ಎರಡನೆಯ ಮೇಜಿನಲ್ಲಿ ಅವಳ ಕೈ ಎಲ್ಲರನ್ನೂ ಬೆರಗಾಗಿಸಿತು. ಉಳಿದವರು ಗಡ್ಡೆಗಳನ್ನು ಬಾಚಿ ಸುರಿಯುತ್ತಿದ್ದರು. ಇವಳ ಕೈಗೆ ಸುರಿಯುವುದು ಬಾರದು. ಅಷ್ಟು ವರ್ಷದ ರೂಢಿ, ಕಣ್ಣು ಮೇಲೆ ಮಾಡಿ ಸಾಲಾಗಿ ಇಡುತ್ತಲೇ ಹೋಗುತ್ತಿತ್ತು. ಆದರೂ ಮಾತಿಗೆ ನಿಲ್ಲದ, ಚಹಾಕ್ಕೆ ಏಳದ ಅವಳ ಎರಡು ಕೈ ಉಳಿದವರ ನಾಲ್ಕು ಕೈಗೆ ಸಮ. ಬುಧವಾರಕ್ಕೆ ಅವಳ ಹೆಸರಿನ ಮುಂದಿನ ಬೇಲಿ ಎಲ್ಲರದಕ್ಕಿಂತ ಉದ್ದವಾಯಿತು. ಮೂರನೆಯ ಮೇಜಿನ ಮುಂದೆ ಕ್ರೇಟುಗಳು ಎದೆಯೆತ್ತರ ಬಿದ್ದವು.

"ಅತ್ತೆ, ಹಿಂದೆ ಹುಲಿ ಬಿದ್ದಿದೆಯಾ?" ಎಂದು ಪಟಾಕಿ ಕೂಗಿದಳು. "ಸ್ವಲ್ಪ ಉಸಿರು ಬಿಡಿ. ನಾನು ಚೀಟಿಗೆ ಅಂಟು ಹಚ್ಚೋದ್ರೊಳಗೆ ಇನ್ನೆರಡು ತಂದು ಹೇರ್ತೀರಲ್ಲ!"

"ನಿನ್ನ ಬಾಯಿ ಓಡೋ ಹಾಗೆ ಕೈ ಓಡಿಸು, ತೀರುತ್ತೆ."

ಗುರುವಾರ ಮಧ್ಯಾಹ್ನ ಒಂದು ಗಡ್ಡೆ ಕೈಗೆ ಬಂತು. ದುಂಡಗೆ, ನುಣ್ಣಗೆ, ಗಾತ್ರ ಅಳತೆ ಮಾಡಿದ ಹಾಗೆ. ಹೆಬ್ಬೆರಳು ತಾನಾಗಿಯೇ ಒತ್ತಿತು. ಸಿಪ್ಪೆಯ ಕೆಳಗೆ ನೀರು ಜರುಗಿದ ಹಾಗಾಯಿತು. ಬಕೆಟ್ಟು ಇದ್ದದ್ದು ಕಡೆಮೇಜಿನ ಕೆಳಗೆ, ಎದ್ದು ಹನ್ನೆರಡು ಹೆಜ್ಜೆ ಹೋಗಬೇಕು. ಅತ್ತೆ ಏಳಲಿಲ್ಲ. ಅದನ್ನು ಕಣ್ಣು ಮೇಲೆ ಮಾಡಿ ಸಾಲಿನಲ್ಲಿಟ್ಟು ಅದರ ಮೇಲೆ ಇನ್ನೊಂದು ಸಾಲು ಇಟ್ಟಳು. ಮುಂದೆ ನೋಡುತ್ತಾರೆ ಎಂದುಕೊಂಡಳು. ಅವತ್ತು ಸಂಜೆಯೊಳಗೆ ಅಂಥವು ಇನ್ನೂ ಕೆಲವು ಸಿಕ್ಕವು. ಎಷ್ಟು ಎಂದು ಅವಳು ಎಣಿಸಲಿಲ್ಲ.

ಶನಿವಾರ ಅವಳ ಹೆಸರು ಓದಿದರು. ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವಳು ಪಟಾಕಿ. ಅತ್ತೆಗೆ ಮುಖ ಬೆಚ್ಚಗಾಯಿತು. ಸುಳ್ಳು ಯಾಕೆ ಹೇಳಬೇಕು, ಹಿತವಾಯಿತು. ಮನೆಗೆ ಹೋಗುವ ದಾರಿಯಲ್ಲಿ ಸೆರಗು ಸರಿಮಾಡಿಕೊಂಡು ನಡೆದಳು.

ಮರುವಾರ ಶುಕ್ರವಾರ ಒಬ್ಬ ಬೆಳೆಗಾರ ಹನ್ನೊಂದು ಕ್ರೇಟು ವಾಪಸ್ಸು ತಂದು ಬಾಗಿಲಲ್ಲಿ ಇಳಿಸಿದ. ಇಳಿಸುವ ಮೊದಲೇ ವಾಸನೆ ಒಳಗೆ ಬಂತು. ಕ್ರೇಟಿನ ತಳದಿಂದ ಕಂದು ನೀರು ಸೋರುತ್ತಿತ್ತು. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ಹೊಲ ಉತ್ತು ಹಸನು ಮಾಡಿ ಇಟ್ಟಿದೀನಿ. ಇದನ್ನ ನೆಡ್ಲಾ?" ಎಂದಷ್ಟೇ ಕೇಳಿದ. ಪುಟ್ಟಿ ಉಗ್ರಾಣದಿಂದ ಬೇರೆ ಬೀಜ ಕೊಟ್ಟು ಕಳಿಸಿದಳು. ಅಷ್ಟರೊಳಗೆ ಸಂಘದ ಹಿರಿಯರಿಂದ ಫೋನು ಬಂತು. ಯಾರು ನೋಡಿ ಕಳಿಸಿದ್ದು? ಅಂಥವರನ್ನು ಯಾಕೆ ಇಟ್ಟುಕೊಂಡಿದ್ದೀರಿ?

ಹನ್ನೊಂದು ಕ್ರೇಟಿನ ಮೇಲೂ ಹಸಿರು ಚೀಟಿ ಇತ್ತು.

ಪಟಾಕಿ ಕ್ರೇಟುಗಳ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮೇಲಿನ ಸಾಲು ಸರಿಸಿದಳು. ಎಲ್ಲರೂ ಅವಳು ಸಿಡಿಯುವುದನ್ನೇ ಕಾದರು. ಸಿಡಿಯಲಿಲ್ಲ. ನೆಟ್ಟಗೆ ನಿಂತು ಕೈ ಒರೆಸಿಕೊಂಡು, "ಚೀಟಿ ನಂದೇ ಮೇಡಮ್ಮು" ಎಂದಳು. ಪುಟ್ಟಿ ತಲೆ ತಗ್ಗಿಸಿ, ತೀರ್ಮಾನ ಆಗುವ ತನಕ ಮನೆಯಲ್ಲಿರಿ, ಸೋಮವಾರ ಹಿರಿಯರು ಬರುತ್ತಾರೆ, ಬಹುಶಃ ಬೇರೆ ಕೆಲಸ ನೋಡಿಕೊಳ್ಳಬೇಕಾಗಬಹುದು ಎಂದಳು. ಪಟಾಕಿ ಬುತ್ತಿಚೀಲ ತೆಗೆದುಕೊಂಡು ಹೊರಟಳು.

ಅವಳು ಹೋದ ಮೇಲೆ ಅತ್ತೆ ಕ್ರೇಟಿನ ಒಳಗೆ ನೋಡಿದಳು. ಮೇಲಿನದು ಕದಡಿತ್ತು, ಕೆಳಗಿನ ಸಾಲುಗಳು ಹಾಗೇ ಇದ್ದವು. ಕೊಳೆತು ಕುಸಿದಿದ್ದರೂ ಸಾಲು ಸಾಲೇ. ಪ್ರತಿಯೊಂದರ ಕಣ್ಣೂ ಮೇಲಕ್ಕೆ ನೋಡುತ್ತಿತ್ತು.

ಆ ಸಂಜೆ ಅವಳಿಗೆ ಊಟ ಸೇರಲಿಲ್ಲ. ಶನಿವಾರವೂ ಹಾಗೆಯೇ. ಕೆಲಸಕ್ಕೆ ಹೋದಳು, ಕ್ರೇಟು ತುಂಬಿದಳು, ಗೆರೆ ಬಿತ್ತು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈ ದಾಟಿಹೋದ ಕ್ರೇಟು ವಾಪಸ್ಸು ಬಂದದ್ದಿಲ್ಲ. ಅವಳಿಗೆ ಇದ್ದ ಆಸ್ತಿ ಅದೊಂದೇ. ಹೇಳದಿದ್ದರೆ? ಪಟಾಕಿಯ ಮನೆಯಲ್ಲಿ ದುಡಿಯುವವಳು ಅವಳೊಬ್ಬಳು. ಗಂಡನ ಬಗ್ಗೆ ಅವಳು ಮಾಡುವ ತಮಾಷೆಯಲ್ಲಿ ತಮಾಷೆ ಅರ್ಧ ಮಾತ್ರ ಎಂದು ಅತ್ತೆಗೆ ಗೊತ್ತಿತ್ತು.

ಭಾನುವಾರ ಗಂಡ ತಟ್ಟೆಯನ್ನು ಅವಳ ಕಡೆ ನೂಕಿ ಹೇಳಿದ. "ಮೂರು ದಿನದಿಂದ ತಟ್ಟೇಲಿ ಬೆರಳು ಆಡಿಸ್ತಿದೀಯ. ಜ್ವರ ಇಲ್ಲ, ಹಲ್ಲುನೋವಿಲ್ಲ. ಏನು ನುಂಗಿದೀಯ, ಉಗುಳು."

ಅವಳು ಉಗುಳಿದಳು. ಅವನು ಎಲ್ಲ ಕೇಳಿ, ಎದ್ದು ಕೈ ತೊಳೆದು, "ಮೆಟ್ಟು ಹಾಕ್ಕೋ" ಎಂದ.

ಪುಟ್ಟಿಯ ಮನೆ ಎರಡು ಬೀದಿ ಆಚೆ. ಅವಳು ನಾಳೆ ಹಿರಿಯರಿಗೆ ತೋರಿಸಲು ಕಾಗದ ಬರೆಯುತ್ತ ಕೂತಿದ್ದಳು. ಅತ್ತೆ ಕೂರದೆ, ಬಾಗಿಲ ಹತ್ತಿರ ನಿಂತೇ ಹೇಳಿದಳು.

"ಆ ಹನ್ನೊಂದು ಕ್ರೇಟು ನನ್ನವು ಪುಟ್ಟಿ. ಕೊಳೆತದ್ದು ಕೈಗೆ ಸಿಕ್ಕಿತ್ತು. ಗೊತ್ತಿದ್ದೂ ಇಟ್ಟೆ. ಪಟಾಕಿ ಕಣ್ಣಿಗೆ ಅದು ಕಾಣೋದಲ್ಲ."

ಪುಟ್ಟಿಯ ಪೆನ್ನು ನಿಂತಿತು. "ನೀನಾ? ಯಾಕೆ ಅತ್ತೆ?"

"ಎದ್ದು ಹೋಗಿ ಬರೋದ್ರಲ್ಲಿ ಒಂದು ಗೆರೆ ತಪ್ಪೋದು."

ಪುಟ್ಟಿ ಪೆನ್ನಿಗೆ ಮುಚ್ಚಳ ಹಾಕಿ ಕಾಗದದ ಪಕ್ಕ ಇಟ್ಟಳು.

"ನಿನ್ನ ಪಟದಲ್ಲಿ ಊಟ ಕೆಳಗಿದೆ, ಮರ್ಯಾದೆ ಮೇಲಿದೆ," ಎಂದಳು ಅತ್ತೆ. "ನನ್ನಲ್ಲಿ ಅದೇನು ತಲೆಕೆಳಗಾಗಿದೆಯೋ. ಮೇಲಿಂದು ಕೆಟ್ಟ ಮೇಲೆ ಮೂರು ದಿನ ಊಟ ಸೇರಿಲ್ಲ. ನಾಳೆ ಹಿರಿಯರು ಬರ್ತಾರಲ್ಲ, ನಾನೇ ಹೇಳ್ತೀನಿ. ಅವಳನ್ನ ಕರೆಸು."

ಪುಟ್ಟಿಯ ಕಣ್ಣು ತುಂಬಿತ್ತು. "ತಪ್ಪು ನಂದೂ ಇದೆ. ಕಡೆಮೇಜು ಖಾಲಿ ಬಿಟ್ಟಿದ್ದು ನಾನು."

"ಹೌದು, ಇದೆ," ಎಂದಳು ಅತ್ತೆ. ಸಮಾಧಾನ ಮಾಡಲು ಹೋಗಲಿಲ್ಲ. "ಬೇಡ ಅನ್ನಬೇಕಾದವಳು ನಾನು ಸುಮ್ನಿದ್ದೆ."

ಸೋಮವಾರ ಹಿರಿಯರ ಮುಂದೆ ಅದನ್ನೇ ಹೇಳಿದಳು, ಶೆಡ್ಡಿನವರೆಲ್ಲ ಕೇಳುವ ಹಾಗೆ. ಹಿರಿಯರಲ್ಲಿ ಒಬ್ಬರು, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದರು. ಇನ್ನೊಬ್ಬರು, ಉಗ್ರಾಣದಲ್ಲಿ ಹಸಿರು ಚೀಟಿ ಅಂಟಿಸಿ ಇಟ್ಟಿರುವ ಕ್ರೇಟು ಇನ್ನೆಷ್ಟಿವೆ ಎಂದು ಕೇಳಿದರು. ಐವತ್ತೆರಡು ಇದ್ದವು. ಅಷ್ಟನ್ನೂ ಬಿಚ್ಚಿ ಒಂದೊಂದೇ ಒತ್ತಿ ನೋಡಬೇಕು, ಒತ್ತಬಲ್ಲ ಹೆಬ್ಬೆರಳು ಒಂದೇ. ಅತ್ತೆಯನ್ನು ಇಟ್ಟುಕೊಂಡದ್ದು ದಯೆಯಿಂದಲ್ಲ, ಹೀಗೆ. ಅವಳು ಕಡೆಮೇಜಿಗೆ ಹೋಗಿ ಕೂತಳು. ನಾಲ್ಕು ದಿನ ಹಿಡಿಯಿತು. ಬಕೆಟ್ಟು ಒಂಬತ್ತು ಸಲ ತುಂಬಿತು.

ಮೂರನೆಯ ದಿನ ಪುಟ್ಟಿ ಬಂದು ಪಕ್ಕದಲ್ಲಿ ನಿಂತಳು. "ಒಂದು ಯೋಚನೆ ಬಂತು ಅತ್ತೆ. ನೀನು ಎಸೆಯೋ ಕೊಳೆತ ಗಡ್ಡೆಗೇ ಗೆರೆ ಹಾಕಿದ್ರೆ? ಆಗ ನಿನ್ನ ಕೆಲಸಕ್ಕೂ ಲೆಕ್ಕ ಸಿಗುತ್ತೆ."

"ಹಾಕಬೇಡ ತಾಯಿ. ಹಾಕಿದ್ರೆ ಒಳ್ಳೇದನ್ನೂ ಕೊಳೆತಿದೆ ಅಂತ ಎಸೀತೀನಿ. ನನ್ನ ಗುಣ ನಂಗೆ ಗೊತ್ತಾಗಿದೆ ಈಗ."

ಪುಟ್ಟಿ ನಗಲೋ ಬೇಡವೋ ಎಂದು ನೋಡಿದಳು. ಅತ್ತೆ ನಗುತ್ತಿರಲಿಲ್ಲ. ಆ ಸಂಜೆ ಹಲಗೆ ಕೆಳಗಿಳಿಯಿತು. ಪಟ ಮಾತ್ರ ಗೋಡೆಯ ಮೇಲೆ ಉಳಿಯಿತು.

ಪಟಾಕಿ ಮಂಗಳವಾರವೇ ಕೆಲಸಕ್ಕೆ ಬಂದಿದ್ದಳು. ಅವಳಿಗೆ ತಪ್ಪಿದ್ದು ಶನಿವಾರದ್ದು, ಸೋಮವಾರದ್ದು, ಎರಡು ದಿನದ ಕೂಲಿ. ಎಲ್ಲರೊಂದಿಗೂ ಮಾತಾಡಿದಳು, ನಕ್ಕಳು. ಕಡೆಮೇಜಿಗೆ ಕ್ರೇಟು ನೂಕುವಾಗ ಮಾತ್ರ ಬೇರೆ ಕಡೆ ನೋಡಿದಳು. ಕೆಲಸ ಮುಗಿದ ದಿನ ಅತ್ತೆ ಅವಳ ಮನೆಗೆ ಹೋದಳು. ಪಟಾಕಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ನಿನ್ನ ಹೊಲದಲ್ಲಿ ನಾಟಿ ಶುರು ಅಂತ ಕೇಳ್ದೆ. ಎರಡು ದಿನ ಬರ್ತೀನಿ. ನಿನ್ನ ಎರಡು ದಿನಕ್ಕೆ ನನ್ನ ಎರಡು ದಿನ."

"ಮುಯ್ಯಿ ತೀರಿಸೋಕೆ ಬಂದ್ರಾ?"

"ಹೂಂ."

ಪಟಾಕಿ ಬಟ್ಟೆಯನ್ನು ಕೊನೆಯ ಹನಿ ಬೀಳುವ ತನಕ ತಿರುಚಿದಳು. "ಕಣ್ಣು ಮೇಲೆ ಮಾಡಿ ಜೋಡಿಸೋರು ಆ ಶೆಡ್ಡಲ್ಲಿ ಒಬ್ರೇ ಅತ್ತೆ. ಶುಕ್ರವಾರ ಬಗ್ಗಿ ನೋಡಿದ ತಕ್ಷಣ ಗೊತ್ತಾಯ್ತು ನಂಗೆ."

ಅತ್ತೆ ಅವಳ ಕಡೆ ಒಂದು ಹೆಜ್ಜೆ ಬಂದಳು. "ಗೊತ್ತಿದ್ದೂ ಚೀಟಿ ನಂದೇ ಅಂದ್ಯಲ್ಲೇ."

"ಚೀಟಿ ನಂದೇ ಆಗಿತ್ತಲ್ಲ. ಮಿಕ್ಕಿದ್ದನ್ನ ನೀವೇ ಹೇಳ್ತೀರ ಅಂತ ಕಾದೆ. ಬಾಗಿಲು ದಾಟೋ ತನಕ ಕಾದೆ. ದಾಟಿದ ಮೇಲೂ ಬೇಲಿ ತನಕ ನಿಧಾನಕ್ಕೆ ನಡೆದೆ, ಹಿಂದಿಂದ ಕೂಗ್ತೀರೇನೋ ಅಂತ." ಬಟ್ಟೆ ಕೊಡವಿ ತಂತಿಯ ಮೇಲೆ ಹಾಕಿದಳು. "ಮನೇಲಿ ಮಗಳು ಕೇಳಿದ್ಲು, ಅಮ್ಮ ಏನು ತಪ್ಪು ಮಾಡ್ದೆ ಅಂತ. ಯಾರು ಏನಂದ್ರೂ ನಾನು ಬಾಯಿಗೆ ಬಂದಿದ್ದು ಅಂದು ಬಿಡೋಳು. ಅವಳಿಗೆ ಏನೂ ಹೇಳೋಕಾಗ್ಲಿಲ್ಲ."

ಅತ್ತೆ ಬಗ್ಗಿ ಇನ್ನೊಂದು ಒದ್ದೆ ಬಟ್ಟೆ ಎತ್ತಿ ಅವಳ ಕೈಗೆ ಕೊಟ್ಟಳು.

"ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ," ಎಂದಳು ಪಟಾಕಿ. "ಬುತ್ತಿ ತರಬೇಡಿ. ಕೆಲಸಕ್ಕೆ ಬಂದೋರಿಗೆ ಊಟ ನಾವೇ ಹಾಕ್ತೀವಿ."

ಎರಡು ದಿನ ಅತ್ತೆ ಆ ಹೊಲದಲ್ಲಿ ನೆಟ್ಟಳು. ಪಟಾಕಿ ಮುಂದೆ ಮುಂದೆ ಗುಳಿ ತೋಡುತ್ತ ಹೋದಳು. ಅತ್ತೆ ಹಿಂದೆ ಹಿಂದೆ ಗಡ್ಡೆಯಿಟ್ಟು, ಕಾಲಿನಿಂದ ಮಣ್ಣೆಳೆದು ಮುಚ್ಚಿದಳು. ಮಧ್ಯಾಹ್ನ ಬದುವಿನ ಮೇಲೆ ಕೂತು ಉಂಡರು. ಪಟಾಕಿಯ ಮಗಳು ತಂದ ಊಟವನ್ನು ಅತ್ತೆ ಪೂರ್ತಿ ಉಂಡಳು, ಇನ್ನೊಂದು ಸಲ ಬಡಿಸಿಕೊಂಡಳು. ಮಾತು ಸಾಲಿನ ಅಂತರ, ಮೋಡ, ಯಾವ ಬೀಜ ಬೇಗ ಬರುತ್ತದೆ ಅನ್ನುವುದರಾಚೆ ಹೋಗಲಿಲ್ಲ.

ಎರಡನೆಯ ದಿನ ಸಂಜೆ ಕಡೆಯ ಸಾಲು ಮುಗಿಯಿತು. ಪಟಾಕಿ ಕೊಡದಿಂದ ನೀರು ಸುರಿದಳು, ಅತ್ತೆ ಕೈ ತೊಳೆದುಕೊಂಡಳು.

"ಕೂಲಿಯದು ತೀರಿತು," ಎಂದಳು ಪಟಾಕಿ.

"ಬೇಲಿ ತನಕ ಕಾಯಿಸಿದ್ದು?"

ಪಟಾಕಿ ಕೊಡದ ಉಳಿದ ನೀರನ್ನು ಬದುವಿಗೆ ಚೆಲ್ಲಿದಳು. "ಅದು ಇದೆ ಅತ್ತೆ. ಸದ್ಯಕ್ಕೆ ಇರ್ಲಿ."

"ಇರ್ಲಿ" ಎಂದು ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ಹೊಸ ಸಾಲುಗಳನ್ನು ತುಳಿಯದ ಹಾಗೆ ಬದುವಿನ ಮೇಲೆ ಸುತ್ತಿ ಬಳಸಿ ಮನೆಯ ದಾರಿ ಹಿಡಿದಳು.